‘ಜನಾಂಗದ್ವೇಷದ ಮಾತೇ ಇಲ್ಲಿಲ್ಲ’

1976ರ ಜೂನ್ 4, ಶುಕ್ರವಾರ. ಪಶ್ಚಿಮ ಲಂಡನ್ನಿನ ಸೌಥಾಲ್‌ನಲ್ಲಿ, ಡೊಮಿನಿಯನ್ ಚಿತ್ರಮಂದಿರದ ಬಳಿ, ಗುರ್‌ದೀಪ್ ಸಿಂಗ್ ಚಗ್ಗರ್ ಎಂಬ 18 ವರ್ಷದ ವಿದ್ಯಾರ್ಥಿಯನ್ನು ಬಿಳಿಯ ಹುಡುಗರ ಗುಂಪೊಂದು ಚೂರಿಯಿಂದ ಇರಿದು ಕೊಂದಿತು. ಆ ದಾರಿಯಲ್ಲಿ ಬಂದ ಸುರೇಶ್ ಗ್ರೋವರ್ ಎಂಬ ಯುವಕ ನೆಲದ ಮೇಲಿನ ರಕ್ತ ಕಂಡು, ಯಾರದಿದು ಎಂದು ಅಲ್ಲಿದ್ದ ಪೊಲೀಸನನ್ನು ಕೇಳಿದ. ಯಾರೋ ಒಬ್ಬ ಏಷ್ಯನ್, ಅಷ್ಟೇ ಎಂಬ ಉತ್ತರ ಬಂತು. ಮುಂದೆ ನಾಗರಿಕ ಹಕ್ಕುಗಳ ಹೋರಾಟದಲ್ಲಿ ದೊಡ್ಡ ಹೆಸರಾದ ಗ್ರೋವರ್, ತಮ್ಮ ಬದುಕಿನ ದಿಕ್ಕು ಬದಲಾದದ್ದು ಆ ಉತ್ತರದಿಂದ ಎಂದು ಹಲವು ಸಲ ಹೇಳಿಕೊಂಡಿದ್ದಾರೆ.

ಕಾವಲಿಗೆ ನಿಂತ ಪೇದೆ ಹಾಗೆಂದದ್ದನ್ನು ಅವನೊಬ್ಬನ ಒರಟುತನ ಎಂದು ಬಿಡಬಹುದಿತ್ತೇನೋ. ಆದರೆ ಪೊಲೀಸ್ ಇಲಾಖೆಯ ಮೇಲಿನವರೂ ಕೊಲೆಗೆ ಜನಾಂಗದ್ವೇಷವೇ ಕಾರಣ ಎನ್ನಲು ಒಪ್ಪಲಿಲ್ಲ. ಬೀದಿ ಜಗಳ ಇದ್ದೀತು, ತನಿಖೆ ಮುಗಿಯಲಿ, ಆತುರ ಬೇಡ ಎಂಬ ಧಾಟಿ ಅವರದು. ಮುಂದಿನ ಎರಡು ದಶಕಗಳ ಬ್ರಿಟನ್ನಿನ ಚರಿತ್ರೆಯಲ್ಲಿ ಈ ಧಾಟಿ ಮತ್ತೆ ಮತ್ತೆ ಕೇಳಿಬರುತ್ತದೆ. ಕೊಂದವರು ಪುಂಡರು. ಆದರೆ ಅದು ಎಂಥ ಕೊಲೆ ಎಂದು ತೀರ್ಮಾನಿಸುವ ಅಧಿಕಾರ ಇದ್ದದ್ದು ಪುಂಡರ ಕೈಯಲ್ಲಲ್ಲ. ಏಷ್ಯನ್ನರ ನಿಜವಾದ ಹೋರಾಟ ನಡೆದದ್ದು ಆ ಅಧಿಕಾರ ಇದ್ದವರ ಜೊತೆ.

ಪಂಜಾಬಿಗಳು ಸೌಥಾಲ್‌ಗೆ ಬಂದದ್ದು ಹೊಟ್ಟೆಪಾಡಿಗೆ. ಅವರಿಗೆ ಕೆಲಸ ಬೇಕಿತ್ತು, ಯುದ್ಧದಲ್ಲಿ ಸೊರಗಿದ್ದ ಬ್ರಿಟನ್ನಿಗೆ ಆಳು ಬೇಕಿತ್ತು. 1948ರ ಪೌರತ್ವ ಕಾಯ್ದೆಯ ಪ್ರಕಾರ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಬಂದು ನೆಲೆಸುವ ಹಕ್ಕೂ ಇತ್ತು. ಸೌಥಾಲ್ ಪಕ್ಕದ ವುಲ್ಫ್ ರಬ್ಬರ್ ಕಾರ್ಖಾನೆಯಲ್ಲಿ ಸಿಬ್ಬಂದಿ ನೇಮಿಸುತ್ತಿದ್ದ ಅಧಿಕಾರಿ ಯುದ್ಧಕಾಲದಲ್ಲಿ ಸಿಖ್ ಸೈನಿಕರ ಜೊತೆ ಕೆಲಸ ಮಾಡಿದ್ದನಂತೆ. ಅವರ ಮೈಗಟ್ಟು ಅವನಿಗೆ ಗೊತ್ತಿತ್ತು, ಕರೆಸಿಕೊಂಡ. ಒಬ್ಬ ಬಂದ, ಅವನ ತಮ್ಮ ಬಂದ, ಜಲಂಧರಿನ ಅದೇ ಹಳ್ಳಿಯ ಮತ್ತೊಬ್ಬ ಬಂದ. ಬಿಳಿಯರು ಒಲ್ಲೆನೆಂದ ಬಿಸಿ ರಬ್ಬರಿನ ಕೆಲಸ, ರಾತ್ರಿ ಪಾಳಿ, ಬ್ರೆಡ್ ಕಾರ್ಖಾನೆ, ಕೂಗಳತೆಯ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವುದು, ಸಾಮಾನು ಹೊರುವುದು ಎಲ್ಲವೂ ಇವರ ಪಾಲಿಗೆ ಬಂದವು. 1950ರ ದಶಕದಲ್ಲೇ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಹುಟ್ಟಿತು. ಡೊಮಿನಿಯನ್ ಚಿತ್ರಮಂದಿರ ಆ ಸಂಘದ್ದೇ ಆಗಿತ್ತು. ಹಿಂದಿ ಸಿನಿಮಾ, ಮದುವೆ, ರಾಜಕೀಯ ಸಭೆ ಎಲ್ಲಕ್ಕೂ ಅದೇ ಜಾಗ.

ಹೀಗೆ ಬಂದವರ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ತಕರಾರು ಎದ್ದಿತು. 1963ರಲ್ಲಿ ಬಿಳಿಯ ತಂದೆತಾಯಂದಿರು ನಮ್ಮ ಶಾಲೆಯಲ್ಲಿ ಇವರ ಮಕ್ಕಳೇ ತುಂಬಿಕೊಂಡಿದ್ದಾರೆ ಎಂದು ಗದ್ದಲ ಮಾಡಿದರು. ಶಿಕ್ಷಣ ಸಚಿವ ಎಡ್ವರ್ಡ್ ಬಾಯ್ಲ್ ಸ್ವತಃ ಸೌಥಾಲ್‌ಗೆ ಬಂದು ಅಹವಾಲು ಕೇಳಿದ. 1965ರ ಸರ್ಕಾರಿ ಸುತ್ತೋಲೆಯೊಂದು ಯಾವ ಶಾಲೆಯಲ್ಲೂ ವಲಸಿಗರ ಮಕ್ಕಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು ಎಂದಿತು. ಹೆಚ್ಚಾದವರನ್ನು ಬಸ್ಸಿಗೆ ತುಂಬಿ ದೂರದ ಶಾಲೆಗಳಿಗೆ ಸಾಗಿಸಿದರು. ಐದಾರು ವರ್ಷದ ಕೂಸುಗಳು ಚಳಿಗಾಲದ ಕತ್ತಲಲ್ಲೇ ಎದ್ದು ಬಸ್ಸು ಹತ್ತಬೇಕು, ಇಳಿದ ಕಡೆ ಬೈಗುಳ ಕೇಳಬೇಕು. ಒಟ್ಟಿಗೆ ಬೆರೆಯಲಿ ಎಂಬ ಸದುದ್ದೇಶದ ಯೋಜನೆ ಇದು ಎಂದು ಸಮರ್ಥನೆ ಕೊಡುತ್ತಿದ್ದರು. ಬೆರೆಯಲೆಂದು ಒಂದು ಬಿಳಿಯ ಮಗುವನ್ನೂ ಇತ್ತ ಬಸ್ಸಿನಲ್ಲಿ ಕಳಿಸಲಿಲ್ಲ ಎಂಬುದನ್ನು ನೋಡಿದರೆ ಸದುದ್ದೇಶದ ಬೆಲೆ ತಿಳಿಯುತ್ತದೆ. 1976ರಲ್ಲಿ ಬೀದಿಗಿಳಿದ ಹುಡುಗರು ಈ ಬಸ್ಸುಗಳಲ್ಲಿ ಬೆಳೆದವರು.

ದೊಡ್ಡವರ ಬಾಯಲ್ಲಿ ಬಂದರೆ ಎಂಥ ಮಾತಿಗೂ ಮರ್ಯಾದೆ ಬರುತ್ತದೆ. 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಕನ್ಸರ್ವೇಟಿವ್ ಸಂಸದ ಇನಾಕ್ ಪೊವೆಲ್, ವಲಸೆ ಹೀಗೇ ಮುಂದುವರಿದರೆ ದೇಶದಲ್ಲಿ ರಕ್ತ ಹರಿದೀತು ಎಂಬ ಧ್ವನಿಯ ಭಾಷಣ ಮಾಡಿದ. ಪೊವೆಲ್ ಪುಂಡನಲ್ಲ, ಗ್ರೀಕ್ ಭಾಷೆಯ ಪ್ರಾಧ್ಯಾಪಕನಾಗಿದ್ದವನು. ಯುದ್ಧಕಾಲದಲ್ಲಿ ಭಾರತದಲ್ಲಿದ್ದು ಉರ್ದು ಕಲಿತಿದ್ದವನು, ಒಂದು ದಿನ ದಿಲ್ಲಿಯ ವೈಸ್‌ರಾಯ್ ಆಗುವ ಕನಸು ಕಂಡಿದ್ದವನು. ವೈಸ್‌ರಾಯ್ ಆಗಿ ಆಳಲು ಒಪ್ಪಿಗೆಯಿದ್ದ ಜನ, ಪಕ್ಕದ ಮನೆಯವರಾಗಿ ಒಪ್ಪಿಗೆಯಾಗಲಿಲ್ಲ. ಪಕ್ಷದ ನಾಯಕ ಎಡ್ವರ್ಡ್ ಹೀತ್ ಕೂಡಲೇ ಅವನನ್ನು ನಾಯಕತ್ವದ ತಂಡದಿಂದ ಕಿತ್ತುಹಾಕಿದ. ಲಂಡನ್ನಿನ ಹಡಗುಕಟ್ಟೆಯ ಕಾರ್ಮಿಕರು ಮಾತ್ರ ಕೆಲಸ ಬಿಟ್ಟು, ಪೊವೆಲ್‌ಗೆ ಜೈ ಎನ್ನುತ್ತ ಸಂಸತ್ತಿನವರೆಗೆ ಮೆರವಣಿಗೆ ಹೋದರು.

ಅದಕ್ಕೂ ಒಂದು ವರ್ಷ ಮೊದಲು, 1967ರಲ್ಲಿ, ಚಿಕ್ಕಪುಟ್ಟ ಬಲಪಂಥೀಯ ಗುಂಪುಗಳು ಕೂಡಿ ನ್ಯಾಷನಲ್ ಫ್ರಂಟ್ ಕಟ್ಟಿಕೊಂಡಿದ್ದವು. ವಲಸಿಗರನ್ನೆಲ್ಲ ವಾಪಸು ಕಳಿಸಬೇಕು ಎಂಬುದು ಅದರ ಮುಖ್ಯ ಬೇಡಿಕೆ. ಅದರ ನಾಯಕನಾದ ಜಾನ್ ಟಿಂಡಲ್ 1960ರ ದಶಕದ ಆರಂಭದಲ್ಲಿ ನಾಜಿ ಮಾದರಿಯ ಸಮವಸ್ತ್ರ ತೊಟ್ಟು ಕವಾಯತು ಮಾಡಿದ್ದವನು, ಅರೆಸೈನಿಕ ಪಡೆ ಕಟ್ಟಿದ್ದಕ್ಕೆ ಜೈಲಿಗೂ ಹೋಗಿದ್ದವನು. 1970ರ ದಶಕದಲ್ಲಿ ಅವನೂ ಅವನ ಬಳಗವೂ ಸಮವಸ್ತ್ರ ಕಳಚಿ ಕೋಟು ಟೈ ಹಾಕಿಕೊಂಡು ಚುನಾವಣೆಗೆ ನಿಂತರು. ಕಾಲವೂ ಕೂಡಿಬಂತು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಹೊರಗಟ್ಟಿದಾಗ ಸುಮಾರು 28,000 ಮಂದಿ ಬ್ರಿಟನ್ನಿಗೆ ಬಂದರು. ಇತ್ತ ಕಾರ್ಖಾನೆಗಳು ಮುಚ್ಚುತ್ತಿದ್ದವು, ಬೆಲೆಗಳು ಏರುತ್ತಿದ್ದವು. ಯಾರ ಮೇಲಾದರೂ ದೂರು ಹೊರಿಸಬೇಕಿತ್ತು.

1976ರ ಮೇ ತಿಂಗಳ ಪತ್ರಿಕೆಗಳನ್ನು ನೋಡಬೇಕು. ಮಲಾವಿಯಿಂದ ಬಂದ ಎರಡು ಏಷ್ಯನ್ ಕುಟುಂಬಗಳನ್ನು ಸ್ಥಳೀಯ ಆಡಳಿತ ಬೇರೆ ಮನೆ ಸಿಗದೆ ಒಂದು ಒಳ್ಳೆಯ ಹೋಟೆಲಿನಲ್ಲಿ ಇರಿಸಿತ್ತು. ‘ದ ಸನ್’ ಪತ್ರಿಕೆಗೆ ಅಷ್ಟೇ ಸಾಕಾಯಿತು. ವಾರಕ್ಕೆ 600 ಪೌಂಡಿನ ವಲಸಿಗರು ಎಂದು ಮುಖಪುಟದಲ್ಲಿ ಅಬ್ಬರಿಸಿತು, ಮಿಕ್ಕ ಪತ್ರಿಕೆಗಳು ದನಿಗೂಡಿಸಿದವು. ಅದೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಲೆಸ್ಟರ್ ನಗರದಲ್ಲಿ ನ್ಯಾಷನಲ್ ಫ್ರಂಟ್‌ಗೆ ಶೇ. 18ರ ಆಸುಪಾಸಿನಲ್ಲಿ ಮತ ಬಿತ್ತು. ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ನೆನಪಿರಬಹುದು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಇಂಗ್ಲೆಂಡ್ ನಾಯಕ ಟೋನಿ ಗ್ರೆಗ್, ಪ್ರವಾಸಕ್ಕೆ ಬಂದಿದ್ದ ವೆಸ್ಟ್ ಇಂಡೀಸ್ ತಂಡದವರನ್ನು ಕಾಲಿಗೆ ಬೀಳಿಸುತ್ತೇನೆ ಎಂದು ಟೀವಿಯಲ್ಲಿ ಬಡಾಯಿ ಕೊಚ್ಚಿದ್ದು ಚಗ್ಗರ್ ಕೊಲೆಯ ಅದೇ ವಾರ. ವಿವಿಯನ್ ರಿಚರ್ಡ್ಸ್ ಮೊದಲ ಟೆಸ್ಟಿನಲ್ಲೇ 232 ಹೊಡೆದ, ಸರಣಿಯನ್ನು ವೆಸ್ಟ್ ಇಂಡೀಸ್ 3-0ರಲ್ಲಿ ಗೆದ್ದಿತು. ಮೈದಾನದಲ್ಲಿ ಲೆಕ್ಕ ಹೀಗೆ ಬೇಗ ಚುಕ್ತಾ ಆಗುತ್ತದೆ. ಬೀದಿಯಲ್ಲಿ ಆಗುವುದಿಲ್ಲ.

ಕೊಲೆಯಾದ ಎರಡು ದಿನಕ್ಕೆ, ಭಾನುವಾರ, ಡೊಮಿನಿಯನ್ನಿನಲ್ಲಿ ಸಭೆ ಸೇರಿತು. ವೇದಿಕೆಯ ಮೇಲೆ ಸಂಘದ ಹಿರಿಯರು. ಖಂಡನಾ ನಿರ್ಣಯ, ಸಚಿವರಿಗೆ ಮನವಿ, ಶಾಂತಿ ಕಾಪಾಡಿ ಎಂಬ ಬುದ್ಧಿಮಾತು. ಹಿರಿಯರ ಕಷ್ಟವೂ ಅರ್ಥವಾಗುವಂಥದ್ದೇ. ಸಾಲ ಮಾಡಿ ಸಮುದ್ರ ದಾಟಿದವರು ಅವರು. ತಲೆ ತಗ್ಗಿಸಿ ದುಡಿದು ಮನೆ ಕೊಂಡು ಮಕ್ಕಳನ್ನು ಓದಿಸಿದವರು. ಕೆಲವರು ಪಾಳಿ ಮುಗಿಸಿ ಬರುವಾಗ ಉಗುಳಿಸಿಕೊಂಡೂ ಸುಮ್ಮನಿದ್ದವರು. ಮಕ್ಕಳು ಹಾಗಿರಲಿಲ್ಲ. ಅವರಿಗೆ ವಾಪಸು ಹೋಗಲು ಬೇರೆ ಊರಿರಲಿಲ್ಲ, ಸೌಥಾಲೇ ಊರು. ಸಭೆಯ ಮಾತುಗಳಿಂದ ಬೇಸತ್ತು ನೂರಾರು ಹುಡುಗರು ಎದ್ದು ಹೊರಗೆ ನಡೆದರು, ನೇರ ಪೊಲೀಸ್ ಠಾಣೆಯ ಕಡೆಗೆ. ದಾರಿಯಲ್ಲಿ ಕಲ್ಲು ತೂರಿದರೆಂದು ಪೊಲೀಸರು ಇಬ್ಬರನ್ನು ಹಿಡಿದು ಒಳಗೆ ಹಾಕಿದರು. ಹುಡುಗರು ಠಾಣೆಯ ಸುತ್ತ ರಸ್ತೆಯಲ್ಲೇ ಕುಳಿತರು. ಅವರಿಬ್ಬರನ್ನು ಬಿಟ್ಟ ಮೇಲೆಯೇ ಎದ್ದದ್ದು. ಸೌಥಾಲ್ ಯೂತ್ ಮೂವ್‌ಮೆಂಟ್ ಹುಟ್ಟಿದ್ದು ಆ ದಿನಗಳಲ್ಲಿ. ಅದನ್ನು ನೋಡಿ ಬ್ರ್ಯಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್, ಪೂರ್ವ ಲಂಡನ್, ಹೀಗೆ ಏಷ್ಯನ್ನರಿದ್ದ ಕಡೆಯಲ್ಲೆಲ್ಲ ಇಂಥ ಯುವಕ ಸಂಘಗಳು ತಲೆಯೆತ್ತಿದವು.

ಇನ್ನು ನ್ಯಾಯಾಲಯದ ಕಥೆ. ನ್ಯಾಷನಲ್ ಫ್ರಂಟ್‌ನಿಂದ ಸಿಡಿದು ನ್ಯಾಷನಲ್ ಪಾರ್ಟಿ ಎಂಬ ತನ್ನದೇ ಪಕ್ಷ ಕಟ್ಟಿದ್ದ ಜಾನ್ ಕಿಂಗ್ಸ್‌ಲಿ ರೀಡ್ ಎಂಬಾತ ಚಗ್ಗರ್ ಕೊಲೆಯ ಮರುವಾರವೇ ಸಭೆಯೊಂದರಲ್ಲಿ ಆ ಸಾವನ್ನು ಪ್ರಸ್ತಾಪಿಸಿ, ಒಬ್ಬ ಹೋದ, ಇನ್ನು ಹತ್ತು ಲಕ್ಷ ಬಾಕಿ ಎಂಬರ್ಥದ ಮಾತಾಡಿದ. ಜೊತೆಗೆ ಇಲ್ಲಿ ಬರೆಯಲಾಗದ ಬೈಗುಳ. ದ್ವೇಷ ಪ್ರಚೋದನೆಯ ಆರೋಪದ ಮೇಲೆ ಮೊಕದ್ದಮೆ ನಡೆದು 1978ರ ಜನವರಿಯಲ್ಲಿ ಖುಲಾಸೆಯಾದ. ಆ ಮಾತಾಡಿದಾಗ ಜಾರಿಯಲ್ಲಿದ್ದ ಕಾನೂನಿನಲ್ಲಿ ಪ್ರಚೋದಿಸುವ ಉದ್ದೇಶವಿತ್ತೆಂದು ಸಾಬೀತು ಮಾಡಬೇಕಿತ್ತು, ಅದು ಸುಲಭವಲ್ಲ, ಅದಿರಲಿ. ಬ್ರಿಟನ್ ಬೆಚ್ಚಿದ್ದು ನ್ಯಾಯಾಧೀಶ ನೀಲ್ ಮೆಕಿನನ್ ಆಡಿದ ಮಾತಿಗೆ. ಶಾಲೆಯಲ್ಲಿ ತನ್ನನ್ನೂ ಆ ಬೈಗುಳದಿಂದಲೇ ಕರೆಯುತ್ತಿದ್ದರು, ತಾನೇನೂ ಬೇಸರಪಟ್ಟುಕೊಂಡಿರಲಿಲ್ಲ ಎಂಬಂತೆ ಜ್ಯೂರಿಗೆ ಹೇಳಿದ ಆತ, ಬಿಡುಗಡೆಯಾದ ಆರೋಪಿಗೆ ಮುಂದೆ ಮಾತಿನಲ್ಲಿ ಹಿಡಿತವಿರಲಿ ಎಂದು ಬುದ್ಧಿ ಹೇಳಿ, ನಿನಗೆ ಒಳ್ಳೆಯದಾಗಲಿ ಎಂದು ಹರಸಿ ಕಳಿಸಿದ! ಗುಂಗುರು ವಿಗ್ಗಿನ ಕೆಳಗೆ ಎಂಥ ತಲೆಯಿರುತ್ತದೆ ಎಂದು ಏಷ್ಯನ್ನರು ಅಂದು ಮಾತಾಡಿಕೊಂಡಿದ್ದರೆ ಯಾರೂ ತಪ್ಪೆನ್ನಲಾರರು. 1976ರ ಹೊಸ ಕಾಯ್ದೆ ಉದ್ದೇಶದ ಷರತ್ತನ್ನೇನೋ ತೆಗೆದುಹಾಕಿತು, ಆದರೆ ಕಾಯ್ದೆ ಓದುವವರು ಅವರೇ ಇದ್ದರು.

ಅದೇ ಜನವರಿಯಲ್ಲಿ ವಿರೋಧಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಟೀವಿ ಸಂದರ್ಶನದಲ್ಲಿ, ಬೇರೆ ಸಂಸ್ಕೃತಿಯ ಜನರಿಂದ ಈ ದೇಶ ಮುಳುಗಿಹೋದೀತೆಂದು ಜನ ಹೆದರಿದ್ದಾರೆ ಎಂದರು. ನ್ಯಾಷನಲ್ ಫ್ರಂಟ್‌ಗೆ ಹೋಗುತ್ತಿರುವ ಮತಗಳನ್ನು ತಮ್ಮ ಪಕ್ಷ ಹಿಂದಕ್ಕೆ ಸೆಳೆಯಬೇಕೆಂಬುದನ್ನೂ ಅವರು ಬಚ್ಚಿಡಲಿಲ್ಲ. ಪಕ್ಷದ ಜನಪ್ರಿಯತೆ ಸಮೀಕ್ಷೆಗಳಲ್ಲಿ ಕೂಡಲೇ ಏರಿತು.

ನಗರದ ಆ ತುದಿಯಲ್ಲಿ, ಪೂರ್ವ ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ, ಸಿಲ್ಹೆಟ್‌ನಿಂದ ಬಂದ ಬಂಗಾಳಿ ಮುಸ್ಲಿಮರ ಬದುಕು ಇನ್ನೂ ಕಷ್ಟದ್ದು. ಅವರಲ್ಲಿ ಬಹಳ ಮಂದಿ ಸಿದ್ಧ ಉಡುಪು ಮತ್ತು ಚರ್ಮದ ಕೋಟು ಹೊಲಿಯುವ ಇಕ್ಕಟ್ಟಿನ ಕೋಣೆಗಳಲ್ಲಿ ದುಡಿಯುವವರು. ಆ ಬೀದಿಯ ಒಂದು ಕಟ್ಟಡದ ಚರಿತ್ರೆಯೇ ಸಾಕು ಅದು ಯಾರ ಬೀದಿ ಎಂದು ತಿಳಿಯಲು. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟರು ಕಟ್ಟಿದ ಇಗರ್ಜಿ ಅದು. ಮುಂದೆ ಮೆಥಡಿಸ್ಟರದಾಯಿತು, 19ನೇ ಶತಮಾನದ ಕೊನೆಗೆ ಯಹೂದ್ಯರ ಸಿನಗಾಗ್ ಆಯಿತು, 1976ರಲ್ಲಿ ಮಸೀದಿಯಾಯಿತು. ದೇವರ ಹೆಸರು ಬದಲಾಗುತ್ತ ಹೋದರೂ ಒಳಗೆ ಬಂದವರಲ್ಲಿ ಹೆಚ್ಚಿನವರು ಎಲ್ಲಿಂದಲೋ ಬಂದವರೇ, ಹೊರಗೆ ನಿಂತು ಬೈದವರ ಮಾತೂ ಹೆಚ್ಚು ಬದಲಾಗಲಿಲ್ಲ. 1936ರ ಅಕ್ಟೋಬರ್ 4ರಂದು ಓಸ್ವಾಲ್ಡ್ ಮೋಸ್ಲಿಯ ಫ್ಯಾಸಿಸ್ಟರು ಇಲ್ಲಿಂದ ಹೆಚ್ಚು ದೂರವಿಲ್ಲದ ಕೇಬಲ್ ಸ್ಟ್ರೀಟ್‌ನತ್ತ ಬಂದಾಗ ಯಹೂದ್ಯರು, ಐರಿಷ್ ಕೂಲಿಗಳು, ಕಮ್ಯುನಿಸ್ಟರು ಅಡ್ಡಗಟ್ಟಿ ಹಿಮ್ಮೆಟ್ಟಿಸಿದ್ದರು.

ಬಂಗಾಳಿಗಳ ಮೇಲಿನ ದಾಳಿ ಹೊಸದೇನಲ್ಲ. 1970ರ ಏಪ್ರಿಲ್‌ನಲ್ಲೇ ತೋಸಿರ್ ಅಲಿ ಎಂಬ ಹೋಟೆಲ್ ಕಾರ್ಮಿಕನನ್ನು ಕೆಲಸ ಮುಗಿಸಿ ಬರುವಾಗ ಕೊಂದಿದ್ದರು. ತಲೆ ಬೋಳಿಸಿ ದಪ್ಪ ಬೂಟು ತೊಟ್ಟ ಸ್ಕಿನ್‌ಹೆಡ್ ಹುಡುಗರಿಗೆ ಏಷ್ಯನ್ನರನ್ನು ಹುಡುಕಿ ಬಡಿಯುವುದು ವಾರಾಂತ್ಯದ ಆಟವಾಗಿತ್ತು. ಪ್ರತಿ ಭಾನುವಾರ ಬ್ರಿಕ್ ಲೇನಿನ ಮೂಲೆಯಲ್ಲಿ ನ್ಯಾಷನಲ್ ಫ್ರಂಟ್‌ನವರು ತಮ್ಮ ಪತ್ರಿಕೆ ಮಾರಲು ನಿಲ್ಲುತ್ತಿದ್ದರು. ಪತ್ರಿಕೆಗಿಂತ ಹೆಚ್ಚಾಗಿ, ನಾವಿಲ್ಲಿದ್ದೇವೆ ಎಂದು ತೋರಿಸುವುದಕ್ಕೆ.

1978ರ ಮೇ 4ರ ಸಂಜೆ, ಅಲ್ತಾಬ್ ಅಲಿ ಎಂಬ ಸುಮಾರು 25 ವರ್ಷದ ಹೊಲಿಗೆ ಕಾರ್ಮಿಕ ಕೆಲಸ ಮುಗಿಸಿ ವೈಟ್‌ಚಾಪೆಲ್‌ನ ಆಡ್ಲರ್ ಸ್ಟ್ರೀಟ್ ಹಾದು ಮನೆಗೆ ಹೊರಟಿದ್ದ. ಅಂದು ಸ್ಥಳೀಯ ಚುನಾವಣೆಯ ಮತದಾನದ ದಿನ, ನ್ಯಾಷನಲ್ ಫ್ರಂಟ್ ಆ ಭಾಗದಲ್ಲೂ ಅಭ್ಯರ್ಥಿಗಳನ್ನು ನಿಲ್ಲಿಸಿತ್ತು. ಮೂವರು ಹುಡುಗರು ಅವನನ್ನು ಇರಿದು ಕೊಂದರು. ಮೂವರೂ ಹದಿನಾರು ಹದಿನೇಳರವರು. ಹತ್ತು ದಿನಗಳ ನಂತರ ಸುಮಾರು 7,000 ಮಂದಿ ಶವಪೆಟ್ಟಿಗೆಯ ಹಿಂದೆ ಮಳೆಯಲ್ಲಿ ನೆನೆಯುತ್ತ ಬ್ರಿಕ್ ಲೇನಿನಿಂದ ಹೈಡ್ ಪಾರ್ಕ್‌ಗೆ, ಅಲ್ಲಿಂದ ಪ್ರಧಾನಿಯ ಮನೆಬಾಗಿಲಿಗೆ ನಡೆದರು. ಯಾರ ಕಣ್ಣಿಗೂ ಬೀಳದಂತೆ ಗೋಡೆ ಸವರಿಕೊಂಡು ಓಡಾಡುತ್ತಿದ್ದ ಬಂಗಾಳಿಗಳು ಅಂದು ಲಂಡನ್ನಿನ ನಟ್ಟನಡುವಿನ ರಸ್ತೆ ತುಂಬಿಕೊಂಡು ಹೆಜ್ಜೆ ಹಾಕಿದರು. ಅಲ್ತಾಬ್ ಅಲಿಯನ್ನು ಕೊಂದದ್ದು ಯಾರು ಎಂದು ಒಬ್ಬ ಕೂಗಿದರೆ ಜನಾಂಗದ್ವೇಷ, ಜನಾಂಗದ್ವೇಷ ಎಂದು ಮಿಕ್ಕವರು ಉತ್ತರಿಸುತ್ತಿದ್ದರು. ಪೊಲೀಸರು ಹೇಳಲೊಲ್ಲದ್ದನ್ನು ಇವರು ಊರಿಗೆಲ್ಲ ಕೇಳುವಂತೆ ಹೇಳಿದರು.

ಜೂನ್ 11ರ ಭಾನುವಾರ ನೂರೈವತ್ತರಷ್ಟು ಪುಂಡರು ಬ್ರಿಕ್ ಲೇನಿಗೆ ನುಗ್ಗಿ ಅಂಗಡಿಗಳ ಗಾಜು ಪುಡಿ ಮಾಡಿದರು. ಆಮೇಲಿನ ಭಾನುವಾರಗಳಲ್ಲಿ ಬಂಗಾಳಿ ಹುಡುಗರು ಬೆಳಗ್ಗೆ ಬೇಗ ಹೋಗಿ ಪತ್ರಿಕೆ ಮಾರುವ ಆ ಮೂಲೆಯನ್ನು ಹಿಡಿದು ಕೂರತೊಡಗಿದರು. ಜೊತೆಗೆ ಬಿಳಿಯ ಸಮಾಜವಾದಿಗಳು, ಶಿಕ್ಷಕರು, ಕೇಬಲ್ ಸ್ಟ್ರೀಟ್ ಕಂಡಿದ್ದ ಮುದುಕರು. 1977ರ ಕೊನೆಗೆ ಹುಟ್ಟಿದ್ದ ಆ್ಯಂಟಿ ನಾಜಿ ಲೀಗ್ ಮತ್ತು ಪಾಪ್ ಸಂಗೀತಗಾರರ ರಾಕ್ ಅಗೇನ್ಸ್ಟ್ ರೇಸಿಸಂ ಸೇರಿ ದೊಡ್ಡ ಮೇಳಗಳನ್ನೇ ನಡೆಸಿದವು. ಈ ಸಂಗೀತ ಮೇಳಗಳೇ ನ್ಯಾಷನಲ್ ಫ್ರಂಟನ್ನು ಸೋಲಿಸಿದವು ಎಂದು ಬಿಳಿಯ ಲೇಖಕರು ಕೆಲವರು ಹೆಮ್ಮೆಯಿಂದ ಬರೆಯುತ್ತಾರೆ. ಮೇಳಗಳ ಪಾಲನ್ನು ಕಡೆಗಣಿಸಬೇಕಿಲ್ಲ. ಆದರೆ ಆ ಮೂಲೆಯಲ್ಲಿ ಪ್ರತಿ ಭಾನುವಾರ ಏಟು ತಿನ್ನಲು ತಯಾರಾಗಿ ಕೂತವರು ಹಾಡುಗಾರರಲ್ಲ.

ಇಲ್ಲಿಂದ ಮತ್ತೆ ಸೌಥಾಲ್. 1979ರ ಸಾರ್ವತ್ರಿಕ ಚುನಾವಣೆಗೆ ನ್ಯಾಷನಲ್ ಫ್ರಂಟ್ 303 ಅಭ್ಯರ್ಥಿಗಳನ್ನು ನಿಲ್ಲಿಸಿತ್ತು. ಏಪ್ರಿಲ್ 23ರಂದು, ಇಂಗ್ಲೆಂಡಿನ ಸಂತ ಜಾರ್ಜನ ಹಬ್ಬದ ದಿನ, ಸೌಥಾಲ್ ಟೌನ್ ಹಾಲ್‌ನಲ್ಲಿ ಸಭೆ ಬೇಕೆಂದು ಕೇಳಿತು. ಸೌಥಾಲ್‌ನಲ್ಲಿ ಅವರ ಮಾತು ಕೇಳುವವರು ಯಾರಿದ್ದರು? ಮತಕ್ಕಾಗಿ ಕರೆದ ಸಭೆಯಲ್ಲ ಅದು. ಚುನಾವಣಾ ಕಾನೂನಿನಂತೆ ಯಾವ ಅಭ್ಯರ್ಥಿಗಾದರೂ ಸಾರ್ವಜನಿಕ ಸಭಾಂಗಣ ಕೊಡಬೇಕು ಎಂದು ಈಲಿಂಗ್ ಪುರಸಭೆ ಒಪ್ಪಿಗೆ ಕೊಟ್ಟಿತು. ಹಿಂದಿನ ದಿನ ಸುಮಾರು 5,000 ಜನ ಈಲಿಂಗ್‌ವರೆಗೆ ನಡೆದು ಮನವಿ ಕೊಟ್ಟರೂ ಪ್ರಯೋಜನವಾಗಲಿಲ್ಲ.

ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಸೌಥಾಲ್ ಬಂದ್ ಆಯಿತು. ಅಂಗಡಿ, ಕಾರ್ಖಾನೆ, ಹೋಟೆಲು ಎಲ್ಲವೂ ಬಾಗಿಲು ಹಾಕಿದವು. ಸಂಜೆ ಟೌನ್ ಹಾಲ್ ಮುಂದೆ ಶಾಂತವಾಗಿ ಕೂರುವುದು ಎಂದು ಹಿರಿಯರೂ ಯುವಕರೂ ಸೇರಿ ಮಾಡಿದ್ದ ತೀರ್ಮಾನ. ಕೂರಲು ಜಾಗವೇ ಸಿಗಲಿಲ್ಲ. 2,700ಕ್ಕೂ ಹೆಚ್ಚು ಪೊಲೀಸರು ಊರಿನ ನಡುಭಾಗವನ್ನೇ ಎಲ್ಲ ಕಡೆಯಿಂದ ಮುಚ್ಚಿದ್ದರು. ಕುದುರೆಗಳು, ನಾಯಿಗಳು, ಮೇಲೆ ಹೆಲಿಕಾಪ್ಟರ್. ಕೆಲಸ ಮುಗಿಸಿ ಮನೆಗೆ ಬರುತ್ತಿದ್ದವರನ್ನೂ ಒಳಗೆ ಬಿಡಲಿಲ್ಲ. ಪೊಲೀಸ್ ಸಾಲುಗಳ ನಡುವೆ ನ್ಯಾಷನಲ್ ಫ್ರಂಟ್‌ನ ಕೆಲವೇ ಹತ್ತಾರು ಮಂದಿಯನ್ನು ಜೋಪಾನವಾಗಿ ಒಳಗೆ ಕರೆತಂದರು. ಅವರಲ್ಲಿ ಸೌಥಾಲ್‌ನವರು ಹುಡುಕಿದರೂ ಸಿಗುತ್ತಿರಲಿಲ್ಲ. ಸಾರ್ವಜನಿಕ ಸಭೆ ಎಂದ ಮೇಲೆ ಊರಿನವರಿಗೂ ಪ್ರವೇಶವಿರಬೇಕಲ್ಲವೇ ಎಂದು ಕೇಳಿದವರಿಗೆ ಲಾಠಿಯೇ ಉತ್ತರ.

ಕತ್ತಲಾಗುತ್ತಿದ್ದಂತೆ ಪೊಲೀಸರು ಜನರ ಮೇಲೆ ಕುದುರೆ ನುಗ್ಗಿಸಿದರು. ಪಾರ್ಕ್ ವ್ಯೂ ರಸ್ತೆಯಲ್ಲಿ ಪೀಪಲ್ಸ್ ಯುನೈಟ್ ಎಂಬ ಕಪ್ಪು ಕಲಾವಿದರ ಕೇಂದ್ರವಿತ್ತು. ಗಾಯಾಳುಗಳಿಗೆ ಶುಶ್ರೂಷೆ ನಡೆಯುತ್ತಿದ್ದುದೂ ಅಲ್ಲೇ. ಅದರೊಳಗೆ ನುಗ್ಗಿ ಎದುರಿಗೆ ಸಿಕ್ಕವರನ್ನು ಹೊಡೆದರು, ವಾದ್ಯಗಳನ್ನೂ ಧ್ವನಿವರ್ಧಕಗಳನ್ನೂ ಮುರಿದರು. ಮಿಸ್ಟಿ ಇನ್ ರೂಟ್ಸ್ ಎಂಬ ರೆಗೇ ತಂಡದ ಕ್ಲಾರೆನ್ಸ್ ಬೇಕರ್ ತಲೆಬುರುಡೆ ಒಡೆದು ಬಹಳ ಕಾಲ ಪ್ರಜ್ಞೆಯಿಲ್ಲದೆ ಮಲಗಿದ. ಅಂದು ಸುಮಾರು 700 ಜನರನ್ನು ಹಿಡಿದರು, ಸುಮಾರು 340 ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ವಿಚಾರಣೆ ನಡೆದದ್ದು ಲಂಡನ್ನಿನ ಇನ್ನೊಂದು ಅಂಚಿನ ಬಾರ್ನೆಟ್‌ನಲ್ಲಿ. ಆರೋಪಿಗಳೂ ಸಾಕ್ಷಿಗಳೂ ತಿಂಗಳುಗಟ್ಟಲೆ ಕೂಲಿ ಬಿಟ್ಟು ಅಲ್ಲಿಗೆ ಅಲೆದರು.

ಬ್ಲೇರ್ ಪೀಚ್ 33 ವರ್ಷದವನು, ನ್ಯೂಜಿಲೆಂಡಿನ ನೇಪಿಯರ್‌ನಲ್ಲಿ ಹುಟ್ಟಿದವನು. ಪೂರ್ವ ಲಂಡನ್ನಿನ ವಿಶೇಷ ಮಕ್ಕಳ ಶಾಲೆಯೊಂದರ ಮೇಷ್ಟ್ರು, ಆ್ಯಂಟಿ ನಾಜಿ ಲೀಗ್‌ನ ಸದಸ್ಯ. ಪ್ರತಿಭಟನೆ ಚದುರಿದ ಮೇಲೆ ಗೆಳೆಯರೊಡನೆ ಮನೆಗೆ ಹೊರಟು ಬೀಚ್‌ಕ್ರಾಫ್ಟ್ ಅವೆನ್ಯೂಗೆ ತಿರುಗಿದ. ಸ್ಪೆಷಲ್ ಪ್ಯಾಟ್ರೋಲ್ ಗ್ರೂಪ್ ಎಂಬ ವಿಶೇಷ ಪೊಲೀಸ್ ದಳದ ವ್ಯಾನು ಬಂದು ನಿಂತಿತು. ಇಳಿದವರಲ್ಲಿ ಒಬ್ಬ ಪೀಚ್ ತಲೆಗೆ ಹೊಡೆದ. ಕಣ್ಣಾರೆ ಕಂಡವರು ಹತ್ತಕ್ಕೂ ಹೆಚ್ಚು ಮಂದಿ. ಎದ್ದು ನಿಲ್ಲಲಾರದ ಅವನನ್ನು ಹತ್ತಿರದ ಸಿಖ್ ಕುಟುಂಬವೊಂದು ಮನೆಯೊಳಗೆ ಕರೆದುಕೊಂಡು ನೀರು ಕೊಟ್ಟು ಆಂಬುಲೆನ್ಸ್ ಕರೆಸಿತು. ಈಲಿಂಗ್ ಆಸ್ಪತ್ರೆಯಲ್ಲಿ ಮಧ್ಯರಾತ್ರಿಯ ಹೊತ್ತಿಗೆ ತೀರಿಕೊಂಡ. ಜೂನ್ ತಿಂಗಳಲ್ಲಿ ಅವನ ದೇಹವನ್ನು ಡೊಮಿನಿಯನ್ನಿನಲ್ಲಿ ಅಂತಿಮ ದರ್ಶನಕ್ಕಿಟ್ಟಾಗ ಸಾವಿರಾರು ಸಿಖ್ಖರು ಸಾಲುಗಟ್ಟಿದರು. ಗುರುತಿಲ್ಲದ ಬಿಳಿಯ ಮೇಷ್ಟ್ರಿಗೆ ಪಂಜಾಬಿ ಮುದುಕಿಯರು ಕೈಮುಗಿದು ಮುಂದೆ ಸಾಗಿದರು.

ಚುನಾವಣೆ ಮೇ 3ರಂದು ನಡೆಯಿತು. ನ್ಯಾಷನಲ್ ಫ್ರಂಟ್ ಎಲ್ಲ 303 ಕಡೆಯೂ ಠೇವಣಿ ಕಳೆದುಕೊಂಡಿತು. ಬಂದದ್ದು 2 ಲಕ್ಷಕ್ಕೂ ಕಡಿಮೆ ಮತ. ಪಕ್ಷ ಒಳಜಗಳದಲ್ಲಿ ಚೂರಾಯಿತು. ಬೀದಿಯಲ್ಲಿ ಎದುರಿಸಿದವರಿಂದ ಅದರ ಧೈರ್ಯ ಕುಂದಿತ್ತು, ಸರಿ. ಅದರ ಮತಗಳಿಗೆ ಥ್ಯಾಚರ್ ಪಕ್ಷದಲ್ಲಿ ಹೆಚ್ಚು ಮರ್ಯಾದಸ್ಥ ಮನೆ ಸಿಕ್ಕಿತ್ತು, ಅದೂ ಸರಿ. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಚರಿತ್ರಕಾರರು ಈಗಲೂ ವಾದಿಸುತ್ತಾರೆ. ನನಗೆ ಎರಡನೆಯದರ ತೂಕವೇ ಹೆಚ್ಚೆನಿಸುತ್ತದೆ.

ಪಕ್ಷ ಸೋತಿತೆಂದು ಪುಂಡರು ಮನೆ ಸೇರಲಿಲ್ಲ. 1981ರ ಜುಲೈ 2ರಂದು ಲಂಡನ್ನಿನ ವಾಲ್ಥಮ್‌ಸ್ಟೋದಲ್ಲಿ ಪಾಕಿಸ್ತಾನಿ ಕುಟುಂಬವೊಂದರ ಮನೆಗೆ ಬೆಂಕಿಯಿಟ್ಟು ತಾಯಿಯನ್ನೂ ಮೂವರು ಮಕ್ಕಳನ್ನೂ ಸುಟ್ಟು ಕೊಂದರು. ಮರುದಿನ ಸೌಥಾಲ್‌ನ ಹ್ಯಾಂಬ್ರೊ ಟ್ಯಾವರ್ನ್ ಎಂಬ ಪಬ್ಬಿನಲ್ಲಿ ಸ್ಕಿನ್‌ಹೆಡ್ ಮೆಚ್ಚಿನ ಬ್ಯಾಂಡುಗಳ ಕಾರ್ಯಕ್ರಮವಿತ್ತು. ಪೂರ್ವ ಲಂಡನ್ನಿನಿಂದ ಬಸ್ಸುಗಳಲ್ಲಿ ಬಂದವರು ದಾರಿಯುದ್ದಕ್ಕೂ ಏಷ್ಯನ್ ಅಂಗಡಿಗಳ ಗಾಜು ಒಡೆದರು, ಅಂಗಡಿಯವರನ್ನು ಬೈದರು. ಎರಡು ವರ್ಷದ ಹಿಂದಿನ ಸೌಥಾಲ್ ಅಲ್ಲ ಅದು. ಗಂಟೆಯೊಳಗೆ ನೂರಾರು ಯುವಕರು ನೆರೆದರು. ಪೊಲೀಸರು ಸಭಿಕರಿಗೆ ಬೆನ್ನು ಕೊಟ್ಟು ಇವರಿಗೆ ಎದುರಾಗಿ ನಿಂತರು. ಅಂದು ರಾತ್ರಿ ಹ್ಯಾಂಬ್ರೊ ಟ್ಯಾವರ್ನ್ ಸುಟ್ಟು ಬೂದಿಯಾಯಿತು.

ಮರುವಾರ, ಜುಲೈ 11ರಂದು, ಸ್ಕಿನ್‌ಹೆಡ್‌ಗಳು ಬರುತ್ತಾರೆಂಬ ಸುದ್ದಿ ಬ್ರ್ಯಾಡ್‌ಫರ್ಡಿಗೆ ಹಬ್ಬಿತು. ಅಲ್ಲಿನ ಯುವಕರು ಹಾಲಿನ ಬಾಟಲಿಗಳಿಗೆ ಪೆಟ್ರೋಲ್ ತುಂಬಿ ಪೆಟ್ಟಿಗೆಗಳಲ್ಲಿ ಬಚ್ಚಿಟ್ಟರು. ದಾಳಿ ಆಗಲಿಲ್ಲ, ಬಾಟಲಿಗಳು ಪೊಲೀಸರ ಕೈಗೆ ಸಿಕ್ಕವು. 12 ಮಂದಿಯ ಮೇಲೆ ಸ್ಫೋಟಕ ತಯಾರಿಸುವ ಸಂಚಿನ ಆರೋಪ. 1982ರಲ್ಲಿ ಲೀಡ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆದಾಗ ಹುಡುಗರು ಸುಳ್ಳು ಹೇಳಲಿಲ್ಲ. ಹೌದು, ನಾವೇ ಮಾಡಿದ್ದು, ಪೊಲೀಸರು ನಮ್ಮ ಮನೆಮಠ ಕಾಯುವುದಿಲ್ಲ, ನಾವೇ ಕಾಯಬೇಕಿತ್ತು ಎಂದರು. ಶಿಕ್ಷೆ ಖಚಿತ ಎಂದೇ ಎಲ್ಲರೂ ಅಂದುಕೊಂಡಿದ್ದ ಹೊತ್ತಿನಲ್ಲಿ, ಜೂನ್ 16ರಂದು, ಜ್ಯೂರಿ 12 ಮಂದಿಯನ್ನೂ ಬಿಟ್ಟಿತು. ಪೆಟ್ರೋಲ್ ಬಾಟಲಿ ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸಲೀಸಾಗಿ ಹೌದು ಎಂದಲ್ಲ. ಆದರೆ ಆತ್ಮರಕ್ಷಣೆಯ ವಾದ ನಿಲ್ಲಬೇಕಾದರೆ ಮೊದಲು ಅಪಾಯ ನಿಜವೆಂದು ಒಪ್ಪಬೇಕು. ಆರು ವರ್ಷದಿಂದ ಪೊಲೀಸ್ ಠಾಣೆಗಳು ಒಪ್ಪದ್ದನ್ನು ಜ್ಯೂರಿಯ 12 ಜನ ಒಪ್ಪಿದರು. ಆ ವೇಳೆಗೆ ಸರ್ಕಾರದ ಬಳಿಯೂ ಲೆಕ್ಕವಿತ್ತು. 1981ರ ನವೆಂಬರಿನ ಗೃಹ ಇಲಾಖೆಯ ವರದಿಯ ಪ್ರಕಾರ ಜನಾಂಗದ್ವೇಷದ ದಾಳಿಗೆ ಗುರಿಯಾಗುವ ಸಾಧ್ಯತೆ ಬಿಳಿಯರಿಗಿಂತ ಏಷ್ಯನ್ನರಿಗೆ 50 ಪಟ್ಟು, ಕಪ್ಪು ಜನರಿಗೆ 36 ಪಟ್ಟು ಹೆಚ್ಚು.

ಲೆಕ್ಕ ಬಂದರೂ ಅಭ್ಯಾಸ ಹೋಗಲಿಲ್ಲ. 1993ರ ಏಪ್ರಿಲ್ 22ರಂದು ಆಗ್ನೇಯ ಲಂಡನ್ನಿನ ಬಸ್ ನಿಲ್ದಾಣದ ಬಳಿ ಸ್ಟೀಫನ್ ಲಾರೆನ್ಸ್ ಎಂಬ 18ರ ಕಪ್ಪು ವಿದ್ಯಾರ್ಥಿಯನ್ನು ಬಿಳಿಯ ಯುವಕರು ಬೈಯುತ್ತ ಬಂದು ಇರಿದು ಕೊಂದಾಗಲೂ ಪೊಲೀಸರಲ್ಲಿ ಹಲವರು ಅದನ್ನು ಜನಾಂಗದ್ವೇಷದ ಕೊಲೆ ಎನ್ನಲು ಹಿಂದೆಮುಂದೆ ನೋಡಿದರು. ಲಾರೆನ್ಸ್‌ನ ತಂದೆತಾಯಿ ಬಿಡಲಿಲ್ಲ. ನಿವೃತ್ತ ನ್ಯಾಯಾಧೀಶ ವಿಲಿಯಂ ಮ್ಯಾಕ್ಫರ್ಸನ್ 1999ರ ಫೆಬ್ರುವರಿಯಲ್ಲಿ ಕೊಟ್ಟ ವರದಿ ಲಂಡನ್ ಪೊಲೀಸ್ ಇಲಾಖೆಯ ರಚನೆಯಲ್ಲೇ ಜನಾಂಗಭೇದವಿದೆ ಎಂದಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದ ಶಿಫಾರಸು ಇನ್ನೊಂದಿದೆ. ಏಟು ತಿಂದವರಾಗಲಿ, ಕಂಡ ಬೇರೆಯವರಾಗಲಿ ಇದು ಜನಾಂಗದ್ವೇಷದ ಘಟನೆ ಎಂದರೆ ಪೊಲೀಸರು ಹಾಗೆಂದೇ ದಾಖಲಿಸಿ ತನಿಖೆ ನಡೆಸಬೇಕು. ಚಗ್ಗರ್ ಸತ್ತು ಆಗ ಸುಮಾರು 23 ವರ್ಷವಾಗಿತ್ತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಡೇವಿಡ್ ಕೋಪ್‌ಲ್ಯಾಂಡ್ ಎಂಬ ನವನಾಜಿ ಮೊಳೆ ತುಂಬಿದ ಬಾಂಬುಗಳನ್ನು ಮೊದಲು ಕಪ್ಪು ಜನರ ಬ್ರಿಕ್ಸ್‌ಟನ್‌ನಲ್ಲಿ, ನಂತರ ಬ್ರಿಕ್ ಲೇನ್‌ನಲ್ಲಿ, ಕೊನೆಗೆ ಸೋಹೊದ ಸಲಿಂಗಿಗಳ ಪಬ್ಬಿನಲ್ಲಿ ಇಟ್ಟ. ಸೋಹೊದಲ್ಲಿ ಮೂವರು ಸತ್ತರು. ಅವನು ಟಿಂಡಲ್ 1982ರಲ್ಲಿ ಕಟ್ಟಿದ ಬ್ರಿಟಿಷ್ ನ್ಯಾಷನಲ್ ಪಾರ್ಟಿಯಲ್ಲಿ ಇದ್ದು ಬಂದವನು. ಕೊಲೆಯಾದವರ ನೆನಪಿನ ಗುರುತುಗಳೂ ಉಳಿದಿವೆ. ಅಲ್ತಾಬ್ ಅಲಿ ಬಿದ್ದ ಜಾಗದ ಪಕ್ಕದ ಉದ್ಯಾನಕ್ಕೆ 1998ರಲ್ಲಿ ಅಲಿಯ ಹೆಸರಿಟ್ಟರು. ಸೌಥಾಲ್‌ನ ಪ್ರಾಥಮಿಕ ಶಾಲೆಯೊಂದಕ್ಕೆ ಬ್ಲೇರ್ ಪೀಚ್ ಹೆಸರಿದೆ.

ಪೀಚ್ ಸಾವಿನ ತನಿಖೆಯನ್ನು ಪೊಲೀಸ್ ಅಧಿಕಾರಿ ಜಾನ್ ಕ್ಯಾಸ್ 1979ರಲ್ಲೇ ನಡೆಸಿದ್ದ. ವಿಶೇಷ ದಳದವರ ಲಾಕರುಗಳನ್ನು ಹುಡುಕಿ ನೋಡಿದಾಗ ಸಿಕ್ಕದ್ದು ಇಲಾಖೆ ಕೊಡದ ಆಯುಧಗಳು: ಸೀಸದ ದೊಣ್ಣೆ, ಹಾರೆ, ಸುತ್ತಿಗೆ, ಚೂರಿ. ಆದರೂ 1980ರ ಮೇ ತಿಂಗಳಲ್ಲಿ ಮರಣ ವಿಚಾರಣೆಯ ಜ್ಯೂರಿ ಕೊಟ್ಟ ತೀರ್ಪು ಆಕಸ್ಮಿಕ ಸಾವು ಎಂದು. ಕ್ಯಾಸ್ ವರದಿಯನ್ನು ಜ್ಯೂರಿಗೆ ತೋರಿಸಿರಲಿಲ್ಲ. ಪೀಚ್‌ನ ಸಂಗಾತಿ ಸೀಲಿಯಾ ಸ್ಟಬ್ಸ್ ಅದನ್ನು ಹೊರತರಲು 30 ವರ್ಷ ಬಡಿದಾಡಿದರು. 2010ರ ಏಪ್ರಿಲ್ 27ರಂದು ವರದಿ ಪ್ರಕಟವಾಯಿತು. ಪೀಚ್‌ನನ್ನು ಹೊಡೆದದ್ದು ಪೊಲೀಸನೇ, ಬಹುಶಃ ಇಂಥ ವ್ಯಾನಿನ ಇಂಥವನೇ ಎಂದು ಕ್ಯಾಸ್ 1979ರಲ್ಲೇ ಬರೆದಿಟ್ಟಿದ್ದ, ಜೊತೆಯವರು ಸುಳ್ಳು ಹೇಳಿ ತನಿಖೆಗೆ ಅಡ್ಡಿಪಡಿಸಿದರೆಂದೂ ದಾಖಲಿಸಿದ್ದ. ಆ ಸಾವಿಗಾಗಿ ಒಬ್ಬ ಪೊಲೀಸನ ಮೇಲೂ ಮೊಕದ್ದಮೆ ಹೂಡಲಿಲ್ಲ.